ಮುಗಿದುಹೋಗಬೇಕಾದ ತುಪ್ಪಳ

ಪಾಸಮ್ ಎಂಬ, ಬೆಕ್ಕಿನ ಗಾತ್ರದ ಮರ ಹತ್ತುವ ಕಾಡುಪ್ರಾಣಿಯ ತುಪ್ಪಳ ಕೀಳುವುದಕ್ಕೆ ಹೊತ್ತು ನೋಡಬೇಕು. ಪ್ರಾಣಿ ಸತ್ತ ಮೇಲೆ ಅದರ ಮೈ ಆರುವ ಮೊದಲೇ ಕೆಲಸ ಮುಗಿಯಬೇಕು. ಬಿಸಿ ಇರುವಷ್ಟು ಹೊತ್ತು ತುಪ್ಪಳ ಹಿಡಿಹಿಡಿಯಾಗಿ ಬೆರಳಿಗೆ ಬರುತ್ತದೆ, ತಣ್ಣಗಾದರೆ ಚರ್ಮವನ್ನು ಬಿಡುವುದಿಲ್ಲ. ಅದಕ್ಕೇ ನ್ಯೂಜಿಲೆಂಡಿನ ಬೇಟೆಗಾರರು ಕಾಡಿನಲ್ಲೇ, ಬೋನಿನ ಪಕ್ಕದಲ್ಲೇ ಕೂತು ಕೈಯಿಂದ ಕಿತ್ತು ಚೀಲಕ್ಕೆ ತುಂಬುತ್ತಾರೆ. ಬೋಳಾದ ಮೈಯನ್ನು ಅಲ್ಲೇ ಬಿಟ್ಟು ಮುಂದಿನ ಬೋನಿನತ್ತ ನಡೆಯುತ್ತಾರೆ. ಒಂದು ಕಿಲೋ ತುಪ್ಪಳಕ್ಕೆ ಹದಿನೈದು-ಇಪ್ಪತ್ತು ಪ್ರಾಣಿಗಳು ಬೇಕು.

ಆ ತುಪ್ಪಳದ ಒಂದು ಜೊತೆ ಕೈಗವಸು ನನ್ನ ಬಳಿ ಇದೆ. ಅಲ್ಲಿ ನೆಲೆಸಿರುವ ಗೆಳತಿಯೊಬ್ಬಳು ಕೊಟ್ಟದ್ದು. ಒಳಗೆ ಹೊಲಿದ ಚೀಟಿಯ ಪ್ರಕಾರ ಪಾಸಮ್ 40%, ಮೆರಿನೊ ಉಣ್ಣೆ 50%, ರೇಷ್ಮೆ 10%. ಬೆಳಕಿಗೆ ಹಿಡಿದರೆ ನೂಲಿನ ಮೇಲೆ ಮಂಜಿನಂಥ ನವಿರು ಕಾಣುತ್ತದೆ. ಉಣ್ಣೆಯ ಎಳೆಗಳ ನಡುವಿನಿಂದ ತಲೆಯೆತ್ತಿದ ಪಾಸಮ್ಮಿನ ರೋಮ ಅದು. ಈ ರೋಮದ ಒಳಗೆ ಟೊಳ್ಳು, ಅಲ್ಲಿ ಗಾಳಿ ನಿಲ್ಲುತ್ತದೆ. ಹಾಗಾಗಿ ತೂಕಕ್ಕೆ ಹೋಲಿಸಿದರೆ ಬಲು ಬೆಚ್ಚಗೆ. ಇಷ್ಟು ಹಗುರವಾದ, ಇಷ್ಟು ಬೆಚ್ಚನೆಯ ಬಟ್ಟೆಯನ್ನು ನಾನು ಬೇರೆ ಮುಟ್ಟಿಲ್ಲ.

ಮಾರುವವರು ಹೇಳುವ ಮಾತು ಹೀಗಿದೆ: ಈ ಪ್ರಾಣಿ ಇಲ್ಲಿಯದಲ್ಲ, ಕಾಡನ್ನು ತಿಂದುಹಾಕುತ್ತಿದೆ, ಹಕ್ಕಿಗಳನ್ನು ಮುಗಿಸುತ್ತಿದೆ. ಹೇಗೂ ಕೊಲ್ಲಲೇಬೇಕು. ಕೊಂದ ಮೇಲೆ ತುಪ್ಪಳವನ್ನು ಕೊಳೆಯಲು ಬಿಡುವುದಕ್ಕಿಂತ ತೊಡುವುದು ಲೇಸಲ್ಲವೇ? ನೀವು ಕೊಂಡ ಪ್ರತಿ ಕೈಗವಸೂ ಕಾಡಿಗೆ ಮಾಡಿದ ಉಪಕಾರ.

ಈ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೊನೆಯ ವಾಕ್ಯವನ್ನು ಒಪ್ಪಲಾರೆ. ಈ ಎರಡರ ನಡುವೆ ಏನಿದೆ ಎಂದು ಬಹಳ ದಿನದಿಂದ ಯೋಚಿಸುತ್ತಾ ಬಂದಿದ್ದೇನೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಾಡಿನ ವಿಷಯ. ಮನುಷ್ಯರು ಕಾಲಿಡುವ ಮೊದಲು ನ್ಯೂಜಿಲೆಂಡಿನ ನೆಲದಲ್ಲಿ ಬಾವಲಿಗಳನ್ನು ಬಿಟ್ಟರೆ ಸಸ್ತನಿಗಳೇ ಇರಲಿಲ್ಲ. ಎಲೆ ಮೇಯುವ ಸಸ್ತನಿಯನ್ನು ಎದುರಿಸುವ ಬಗೆಯನ್ನು ಅಲ್ಲಿನ ಮರಗಳು ಕಲಿತಿರಲಿಲ್ಲ, ಮರ ಹತ್ತಿ ಗೂಡಿಗೆ ಕೈಹಾಕುವ ಪ್ರಾಣಿಯಿಂದ ಮೊಟ್ಟೆ ಉಳಿಸಿಕೊಳ್ಳುವುದನ್ನು ಹಕ್ಕಿಗಳೂ ಕಲಿತಿರಲಿಲ್ಲ. ಪಾಸಮ್ಮಿಗೆ ಒಂದು ಅಭ್ಯಾಸವಿದೆ. ಇಡೀ ಕಾಡನ್ನು ಸಮನಾಗಿ ಮೇಯುವುದಿಲ್ಲ, ರುಚಿ ಹಿಡಿದ ಮರಕ್ಕೇ ರಾತ್ರಿ ರಾತ್ರಿ ಬಂದು ಚಿಗುರು ತಿನ್ನುತ್ತದೆ. ಕೆಂಪು ಹೂವಿನ ರಾಟಾ ಮರಗಳು ಹೀಗೆ ಚಿಗುರು ಕಳೆದುಕೊಳ್ಳುತ್ತಾ ಕೆಲವೇ ವರ್ಷಗಳಲ್ಲಿ ನಿಂತಲ್ಲೇ ಒಣಗುತ್ತವೆ. ಇದು ಬರೀ ಎಲೆ ತಿನ್ನುವ ಸಾಧು ಪ್ರಾಣಿ ಎಂದು ಬಹುಕಾಲ ನಂಬಿದ್ದರು. 1990ರ ದಶಕದಲ್ಲಿ ಗೂಡುಗಳ ಪಕ್ಕ ಕ್ಯಾಮೆರಾ ಇಟ್ಟಾಗ ಕೊಕಾಕೊ ಹಕ್ಕಿಯ ಮೊಟ್ಟೆ-ಮರಿಗಳನ್ನು ಪಾಸಮ್ ತಿನ್ನುವುದು ಚಿತ್ರದಲ್ಲೇ ಸೆರೆಯಾಯಿತು. ದನಗಳಿಗೆ ಕ್ಷಯ ಹರಡುವುದೂ ಇದೇ ಪ್ರಾಣಿ. ರೈತರಿಗೂ ಕಾಡು ಕಾಯುವವರಿಗೂ ಒಮ್ಮತ ಮೂಡುವುದು ಅಪರೂಪ, ಪಾಸಮ್ ವಿಷಯದಲ್ಲಿ ಮೂಡಿದೆ. ಇಲಿ, ಸ್ಟೋಟ್ ಜಾತಿಯ ಬೇಟೆಪ್ರಾಣಿಗಳು ಮತ್ತು ಪಾಸಮ್ಮನ್ನು 2050ರ ಹೊತ್ತಿಗೆ ದೇಶದಿಂದಲೇ ಇಲ್ಲವಾಗಿಸುವುದಾಗಿ 2016ರಲ್ಲಿ ಸರ್ಕಾರ ಘೋಷಿಸಿತು.

ಹಾಗಾದರೆ ಆ ಪ್ರಾಣಿ ಅಲ್ಲಿಗೆ ಬಂದದ್ದು ಹೇಗೆ? ತುಪ್ಪಳಕ್ಕಾಗಿಯೇ ತಂದರು. 1837ರಲ್ಲಿ ಆಸ್ಟ್ರೇಲಿಯದಿಂದ ಮೊದಲ ಪಾಸಮ್ಮುಗಳನ್ನು ತಂದು ಬಿಟ್ಟರು, ಅವು ಉಳಿಯಲಿಲ್ಲ. 1858ರಲ್ಲಿ ಮತ್ತೆ ತಂದವು ಬೇರೂರಿದವು. ಆಮೇಲೆ ದಶಕಗಳ ಕಾಲ ಇನ್ನಷ್ಟು ತಂದರು, ಹೊಸ ಹೊಸ ಕಾಡುಗಳಿಗೆ ಬಿಟ್ಟರು, ಕೊಲ್ಲದಂತೆ ಕಾನೂನಿನ ರಕ್ಷಣೆಯನ್ನೂ ಕೊಟ್ಟರು. ಆ ರಕ್ಷಣೆ ಪೂರ್ತಿ ತೆಗೆದುಹಾಕಿದ್ದು 1940ರ ದಶಕದಲ್ಲಿ. ಸಮುದ್ರದಾಚೆ ಆಸ್ಟ್ರೇಲಿಯದ ಹೆಚ್ಚಿನ ಕಡೆ ಇದೇ ಪಾಸಮ್ಮಿಗೆ ಇವತ್ತೂ ಕಾನೂನಿನ ರಕ್ಷಣೆ ಇದೆ. ವಿಕ್ಟೋರಿಯ ರಾಜ್ಯದಲ್ಲಿ ಮನೆಯ ಅಟ್ಟ ಸೇರಿದ ಪಾಸಮ್ಮನ್ನು ಹಿಡಿದರೆ ಹಿಡಿದ ಜಾಗದಿಂದ 50 ಮೀಟರಿನೊಳಗೇ ಅದನ್ನು ಬಿಡಬೇಕು, ದೂರ ಒಯ್ದರೆ ಬದುಕಲಾರದು ಎಂಬ ಕಾಳಜಿಯಿಂದ. ಎರಡೂ ಕಡೆ ಅದೇ ಕಣ್ಣು, ಅದೇ ಗುಲಾಬಿ ಮೂಗು, ಅದೇ ನೋವು. ನಾನು ತೊಡುತ್ತಿರುವುದು ಯಾವ ತಪ್ಪನ್ನೂ ಮಾಡದ ಪ್ರಾಣಿಯ ರೋಮ ಎಂಬುದನ್ನು ಮರೆಯದೇ ಈ ಲೆಕ್ಕ ಹಾಕಬೇಕು.

ಇದು ಒಂದು ದೇಶದ ಕಥೆಯೂ ಅಲ್ಲ. ಜಗತ್ತಿನಲ್ಲಿ ಇವತ್ತು ಪಿಡುಗಾಗಿರುವ ತುಪ್ಪಳದ ಪ್ರಾಣಿಗಳ ಪೂರ್ವಾಪರ ಹುಡುಕುತ್ತಾ ಹೋದರೆ ಮತ್ತೆ ಮತ್ತೆ ತುಪ್ಪಳದ ವ್ಯಾಪಾರಿಯೇ ಎದುರಾಗುತ್ತಾನೆ. ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳಲ್ಲಿ ಹದಿನೆಂಟನೇ ಶತಮಾನದಲ್ಲೇ ರಷ್ಯಾದ ತುಪ್ಪಳ ವ್ಯಾಪಾರಿಗಳು ನರಿಗಳನ್ನು ಬಿಟ್ಟರು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ದ್ವೀಪದಿಂದ ದ್ವೀಪಕ್ಕೆ ಬರಿದಾದವು. ಅಲ್ಲಿನ ಹೆಬ್ಬಾತಿನ ಬಗೆಯೊಂದು ಇನ್ನೇನು ಅಳಿದೇಹೋಯಿತು ಎನ್ನುವಷ್ಟಕ್ಕೆ ಬಂದಿತ್ತು, ನರಿಗಳನ್ನು ದ್ವೀಪಗಳಿಂದ ತೆಗೆದ ಮೇಲೆ ಚೇತರಿಸಿಕೊಂಡು 2001ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ದಕ್ಷಿಣ ಅಮೆರಿಕದ ತುತ್ತತುದಿಯ ಟಿಯೆರಾ ದೆಲ್ ಫ್ಯೂಗೋಗೆ 1946ರಲ್ಲಿ ಅರ್ಜೆಂಟೀನಾ ಕೆನಡಾದಿಂದ, ಮರ ಕಡಿದು ಹೊಳೆಗೆ ಅಣೆ ಕಟ್ಟುವ ಬೀವರ್ ಎಂಬ ಪ್ರಾಣಿಯ ಹತ್ತು ಜೋಡಿ ತರಿಸಿತು. ತುಪ್ಪಳದ ಉದ್ಯಮ ಏಳಲೇ ಇಲ್ಲ, ಬೀವರ್ ಮಾತ್ರ ಏರಿತು. ಉತ್ತರ ಅಮೆರಿಕದ ವಿಲೋ, ಆಸ್ಪೆನ್ ಮರಗಳು ಬೀವರ್ ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುತ್ತವೆ. ದಕ್ಷಿಣದ ಲೆಂಗಾ ಮರಕ್ಕೆ ಆ ಗುಣವಿಲ್ಲ. ಅಣೆಕಟ್ಟಿ ನೀರು ನಿಲ್ಲಿಸಿದ ಕಡೆಯೆಲ್ಲ ಬೂದುಬಣ್ಣದ ಸತ್ತ ಕಾಡು ನಿಂತಿದೆ. ಮುಂಗುಸಿಯಂಥ ಮಿಂಕ್, ಮಸ್ಕ್‌ರ್‍ಯಾಟ್, ರಕೂನ್ ನಾಯಿ, ಹೀಗೆ ಹೇಳುತ್ತಾ ಹೋಗಬಹುದು. ಎಲ್ಲವೂ ಯಾರದೋ ಕೊರಳಪಟ್ಟಿಗಾಗಿ ಹೊಸ ನೆಲಕ್ಕೆ ಬಂದವು.

ಈ ಸಾಲಿನಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂಟ್ರಿಯಾ. ದೊಡ್ಡ ಹೆಗ್ಗಣದ ಗಾತ್ರಕ್ಕಿಂತ ಎಷ್ಟೋ ಹೆಚ್ಚು, ಸಣ್ಣ ನಾಯಿಯಷ್ಟು ತೂಗುವ, ಕಿತ್ತಳೆ ಬಣ್ಣದ ಹಲ್ಲಿನ ನೀರುಪ್ರಾಣಿ. ದಕ್ಷಿಣ ಅಮೆರಿಕದ್ದು. 1930ರ ದಶಕದಲ್ಲಿ ತುಪ್ಪಳಕ್ಕಾಗಿ ಸಾಕಲು ತಂದರು, ಕೆಲವು ತಪ್ಪಿಸಿಕೊಂಡವು, ಕೆಲವನ್ನು ಬಿಟ್ಟರು. ಮಿಸಿಸಿಪಿ ನದಿ ಸಮುದ್ರ ಸೇರುವ ಕಡೆಯ ಜೌಗು ಅವಕ್ಕೆ ಹೇಳಿ ಮಾಡಿಸಿದಂತಿತ್ತು. ನ್ಯೂಟ್ರಿಯಾ ಹುಲ್ಲಿನ ತುದಿ ಮೇಯ್ದು ಬಿಡುವ ಪ್ರಾಣಿಯಲ್ಲ, ಬೇರು ಅಗೆದು ತಿನ್ನುತ್ತದೆ. ಜೌಗಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದೇ ಬೇರು. ಬೇರು ಹೋದರೆ ಅಲೆ ಮಣ್ಣನ್ನು ಒಯ್ಯುತ್ತದೆ, ಮಣ್ಣು ಹೋದ ಜಾಗದಲ್ಲಿ ನೀರು ನಿಲ್ಲುತ್ತದೆ. ಮತ್ತೆ ಅದು ನೆಲವಾಗುವುದಿಲ್ಲ.

ಗಮನಿಸಬೇಕಾದ್ದು ಈ ಹಾನಿ ಕಣ್ಣಿಗೆ ರಾಚಿದ ಕಾಲ. 1970ರ ದಶಕದಲ್ಲಿ ನ್ಯೂಟ್ರಿಯಾ ತುಪ್ಪಳಕ್ಕೆ ಒಳ್ಳೆಯ ಬೇಡಿಕೆ ಇತ್ತು, ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಹಿಡಿಯುತ್ತಿದ್ದರು. ಆಗ ಜೌಗು ಹೇಗೋ ತಡೆದುಕೊಂಡಿತ್ತು. 1980ರ ದಶಕದಲ್ಲಿ ತುಪ್ಪಳದ ಮಾರುಕಟ್ಟೆ ಕುಸಿಯಿತು. ಫ್ಯಾಷನ್ ಬದಲಾಗಿತ್ತು, ತುಪ್ಪಳ ತೊಡುವುದು ಕ್ರೌರ್ಯ ಎಂಬ ಪ್ರಚಾರವೂ ಜೋರಾಗಿತ್ತು. ಬೋನು ಹಾಕುವವರು ಕೆಲಸ ಬಿಟ್ಟರು. ನ್ಯೂಟ್ರಿಯಾ ಹೆಚ್ಚಿ ಹತ್ತಾರು ಸಾವಿರ ಎಕರೆ ಜೌಗು ಬಟಾಬಯಲಾಯಿತು. ಪ್ರಾಣಿದಯೆಯಿಂದ ಕೊಳ್ಳುವುದನ್ನು ನಿಲ್ಲಿಸಿದವರ ಒಳ್ಳೆಯತನವೂ ಈ ಹಾನಿಯ ಕಾರಣಗಳಲ್ಲಿ ಒಂದಾಯಿತು ಎಂದು ತಿಳಿದಾಗ ನನಗೆ ಬಹಳ ಕಸಿವಿಸಿಯಾಯಿತು. ಆ ಪ್ರಚಾರ ಮುಖ್ಯವಾಗಿ ಸಾಕಿದ ಮಿಂಕ್‌ಗಳ ಕಿರುಪಂಜರಗಳ ವಿರುದ್ಧವಾಗಿತ್ತು, ಅಲ್ಲಿ ಅದು ನೂರಕ್ಕೆ ನೂರು ಸರಿ ಎಂದೇ ಇವತ್ತೂ ನನ್ನ ಅಭಿಪ್ರಾಯ. ಆದರೆ ಕೊಳ್ಳದಿರುವುದು ಎಲ್ಲ ಕಡೆಯೂ ನಿರಪಾಯ ಎಂಬ ನೆಮ್ಮದಿ ಮಾತ್ರ ಆಮೇಲೆ ಉಳಿಯಲಿಲ್ಲ.

2002ರಿಂದ ಅಲ್ಲಿನ ಸರ್ಕಾರವೇ ನ್ಯೂಟ್ರಿಯಾ ಬಾಲಕ್ಕೆ ಹಣ ಕೊಡುತ್ತಿದೆ. ಒಂದು ಬಾಲಕ್ಕೆ 4 ಡಾಲರಿನಿಂದ ಶುರುವಾಗಿ 5ಕ್ಕೆ, ಆಮೇಲೆ 6ಕ್ಕೆ ಏರಿತು. ವರ್ಷಕ್ಕೆ ನಾಲ್ಕು ಲಕ್ಷ ಬಾಲ ಎಂಬುದು ಗುರಿ. ಬಾಲ ಕನಿಷ್ಠ 7 ಅಂಗುಲ ಉದ್ದ ಇರಬೇಕು. ಬೇಟೆಗಾರ ಬಾಲ ಕತ್ತರಿಸಿಕೊಂಡು ಉಳಿದದ್ದನ್ನು ಅಲ್ಲೇ ಬಿಡುತ್ತಾನೆ, ಮಾಂಸ-ತುಪ್ಪಳ ಎರಡೂ ಜೌಗಿನಲ್ಲೇ ಕೊಳೆಯುತ್ತವೆ. ಇದನ್ನು ಕಂಡು ನೊಂದ ನ್ಯೂ ಆರ್ಲಿಯನ್ಸಿನ ಕೆಲವು ಕಲಾವಿದರು ರೈಚಸ್ ಫರ್ ಎಂಬ ಹೆಸರಿನಲ್ಲಿ ನ್ಯೂಟ್ರಿಯಾ ತುಪ್ಪಳದ ಉಡುಪುಗಳ ಪ್ರದರ್ಶನ ನಡೆಸಿದರು. ನಾಲ್ಕು ಲಕ್ಷ ಜೀವ ತೆಗೆದು, ಬಾಲವೊಂದನ್ನು ಲೆಕ್ಕಕ್ಕೆ ಹಿಡಿದು, ಮಿಕ್ಕದ್ದನ್ನು ಎಸೆಯುವುದರಲ್ಲಿ ಏನೋ ಅಸಹ್ಯವಿದೆ ಎಂಬ ಅವರ ಭಾವನೆಯಲ್ಲಿ ನಾನೂ ಪಾಲುದಾರ. ಕೊಲ್ಲಬೇಕಾಗಿ ಬಂದರೆ, ಕೊಂದದ್ದನ್ನು ವ್ಯರ್ಥ ಮಾಡದಿರುವುದು ಸತ್ತ ಜೀವಕ್ಕೆ ತೋರುವ ಅತಿ ಕಡಿಮೆ ಮರ್ಯಾದೆ.

ಇನ್ನು ಸಾಯುವ ಬಗೆ. ಈ ವಿಷಯ ಮಾತಾಡದೇ ತುಪ್ಪಳದ ನೀತಿ ಮಾತಾಡುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ನ್ಯೂಜಿಲೆಂಡಿನಲ್ಲಿ ಪಾಸಮ್ ಸಾಯುವುದು ಮುಖ್ಯವಾಗಿ ವಿಷದಿಂದ ಇಲ್ಲವೇ ಬೋನಿನಿಂದ. ಹೆಲಿಕಾಪ್ಟರಿನಿಂದ ಉದುರಿಸುವ 1080 ಎಂಬ ವಿಷ ತಿಂದ ಪಾಸಮ್ ಸಾಯಲು ಹಲವು ಗಂಟೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಡಿಫಾಕೂಮ್ ತಿಂದರೆ ವಾರಗಳೇ ಹಿಡಿಯುತ್ತವೆ, ಎಲ್ಲದರಲ್ಲೂ ಕೆಟ್ಟ ಸಾವು ಅದು. ಸಯನೈಡ್ ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ. ತುಪ್ಪಳ ಕೀಳುವವರಿಗೆ ಸಯನೈಡ್ ಅನುಕೂಲ, ಏಕೆಂದರೆ ಪ್ರಾಣಿ ವಿಷ ತಿಂದ ಜಾಗದ ಹತ್ತಿರವೇ ಬಿದ್ದಿರುತ್ತದೆ. ಬೇರೆ ವಿಷ ತಿಂದದ್ದು ಎಲ್ಲೋ ಪೊದೆಯಲ್ಲಿ, ಪೊಟರೆಯಲ್ಲಿ ಸಾಯುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಹೀಗೆ ನೋಡಿದರೆ ತುಪ್ಪಳಕ್ಕಾಗಿ ಕೊಂದ ಪಾಸಮ್, ಕಾಡು ಉಳಿಸಲೆಂದು ವಿಷವಿಟ್ಟು ಕೊಂದ ಪಾಸಮ್ಮಿಗಿಂತ ಬೇಗ ಸತ್ತಿರುವ ಸಾಧ್ಯತೆ ಇದೆ. ಇದು ತುಪ್ಪಳದ ಪರ ಇರುವ ಗಟ್ಟಿಯಾದ ವಾದ, ಆದರೂ ಮಾರುವವರು ಇದನ್ನು ಹೇಳುವುದಿಲ್ಲ. ಕೊಳ್ಳುವವರಿಗೆ ಸಾವಿನ ಮಾತು ಹಿಡಿಸುವುದಿಲ್ಲ ಎಂಬ ಅಳುಕು ಇರಬಹುದು.

ಬೋನಿನ ಕಥೆ ಬೇರೆ. ಬಡಿದ ಕೂಡಲೇ ಕೊಲ್ಲುವ ಬೋನುಗಳಿವೆ. ಕಾಲನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬೋನುಗಳೂ ಇವೆ. ಇವನ್ನು ಯುರೋಪಿಯನ್ ಒಕ್ಕೂಟ 1990ರ ದಶಕದಲ್ಲೇ ನಿಷೇಧಿಸಿತು. ನ್ಯೂಜಿಲೆಂಡಿನಲ್ಲಿ ಕೆಲವು ಬಗೆಯವಕ್ಕೆ ಮಾತ್ರ ನಿಷೇಧ. ಬೋನು ಇಟ್ಟವರು ಪ್ರತಿದಿನ ಸೂರ್ಯ ಹುಟ್ಟಿದ 12 ಗಂಟೆಯೊಳಗೆ ಹೋಗಿ ನೋಡಲೇಬೇಕು ಎಂಬ ನಿಯಮವಿದೆ. ನಿಯಮ ಒಳ್ಳೆಯದೇ. ಆದರೆ ಪಾಸಮ್ ರಾತ್ರಿ ಓಡಾಡುವ ಪ್ರಾಣಿ. ಕತ್ತಲಾದ ಸ್ವಲ್ಪ ಹೊತ್ತಿಗೇ ಕಾಲು ಸಿಕ್ಕಿಕೊಂಡದ್ದು ನಿಯಮ ಮುರಿಯದೆಯೂ ಇಡೀ ರಾತ್ರಿ, ಮರುದಿನದ ಬಹುಪಾಲು ಹಾಗೇ ಇರಬಹುದು. ಆಮೇಲೆ ಬೇಟೆಗಾರ ಬಂದು ತಲೆಗೆ ಒಂದು ಪೆಟ್ಟು ಹಾಕುತ್ತಾನೆ. ಬೆಳಗಿನ ಜಾವವೇ ಎದ್ದು ಬೋನಿನ ಸಾಲು ನಡೆಯುವವನೂ ಇದ್ದಾನೆ, ಮಧ್ಯಾಹ್ನದ ಮೇಲೆ ಹೋಗುವವನೂ ಇದ್ದಾನೆ. ಕಾನೂನಿನ ಮುಂದೆ ಇಬ್ಬರೂ ಒಂದೇ. ಕೈಗವಸಿನೊಳಗಿನ ಚೀಟಿಯಲ್ಲಿ ಇಬ್ಬರ ತುಪ್ಪಳವೂ 40%.

ಮರಿಗಳ ವಿಷಯ ಇದಕ್ಕಿಂತ ಕಷ್ಟದ್ದು. ಪಾಸಮ್ ಹೊಟ್ಟೆಚೀಲದ ಪ್ರಾಣಿ. ಹೆಚ್ಚಿನ ಮರಿಗಳು ಹುಟ್ಟುವುದು ಶರತ್ಕಾಲದಲ್ಲಿ, ನಾಲ್ಕೈದು ತಿಂಗಳು ತಾಯಿಯ ಚೀಲದಲ್ಲಿದ್ದು ಆಮೇಲೆ ಬೆನ್ನೇರುತ್ತವೆ. ತುಪ್ಪಳ ಚೆನ್ನಾಗಿ ಒತ್ತಾಗಿ ಬೆಳೆದಿರುವುದು ಚಳಿಗಾಲದಲ್ಲಿ. ಅಂದರೆ ತುಪ್ಪಳ ಕೀಳಲು ಹೇಳಿಮಾಡಿಸಿದ ಕಾಲವೂ ಚೀಲದಲ್ಲಿ ಮರಿ ಇರುವ ಕಾಲವೂ ಒಂದೇ. ಒಳ್ಳೆಯ ಬೇಟೆಗಾರ ಸತ್ತ ಹೆಣ್ಣಿನ ಚೀಲಕ್ಕೆ ಕೈಹಾಕಿ ನೋಡುತ್ತಾನೆ, ಮರಿ ಇದ್ದರೆ ತಕ್ಷಣ ಕೊಲ್ಲುತ್ತಾನೆ. ನೋಡದೇ ಬಿಟ್ಟರೆ ಆ ಮರಿ ತಣ್ಣಗಾಗುತ್ತಿರುವ ಮೈಯೊಳಗೆ ನಿಧಾನವಾಗಿ ಸಾಯುತ್ತದೆ. 2017ರಲ್ಲಿ ಅಲ್ಲಿನ ಶಾಲೆಯೊಂದು ನಿಧಿ ಸಂಗ್ರಹಕ್ಕೆಂದು ಏರ್ಪಡಿಸಿದ್ದ ಪಾಸಮ್ ಬೇಟೆಯಲ್ಲಿ ಇಂಥ ಮರಿಗಳನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ ಕೊಂದರೆಂದು ದೊಡ್ಡ ಗದ್ದಲವಾಯಿತು. ಸಿಟ್ಟಿಗೆದ್ದವರಲ್ಲಿ ಪಾಸಮ್ ಇರಲೇಬಾರದು ಎನ್ನುವವರೂ ಇದ್ದರು. ಅವರ ಸಿಟ್ಟಿನಲ್ಲಿ ನನಗೆ ಭರವಸೆ ಕಾಣುತ್ತದೆ. ಇಲ್ಲವಾಗಿಸಲೇಬೇಕು ಎಂಬ ತೀರ್ಮಾನ ಒಂದು, ಹೇಗಾದರೂ ಕೊಲ್ಲಬಹುದು ಎಂಬ ಸಲುಗೆ ಇನ್ನೊಂದು. ಮೊದಲನೆಯದರ ಬೆನ್ನಿಗೆ ಎರಡನೆಯದು ತಾನಾಗಿ ಬಂದುಬಿಡುವುದೇ ಈ ಇಡೀ ವ್ಯವಹಾರದ ದೊಡ್ಡ ಅಪಾಯ, ಅದೂ ಮಕ್ಕಳ ಕಣ್ಣೆದುರಿಗೆ.

ಇಷ್ಟೆಲ್ಲ ಸರಿಯಾಗಿದೆ ಎಂದುಕೊಳ್ಳೋಣ. ಪ್ರಾಣಿ ನಿಜಕ್ಕೂ ಪಿಡುಗು, ಸಾವು ಬೇಗ ಆಯಿತು, ಚೀಲ ನೋಡಿದರು, ಏನೂ ವ್ಯರ್ಥವಾಗಲಿಲ್ಲ. ಆಮೇಲೂ ಉಳಿಯುವ ತೊಡಕೇ ನನ್ನನ್ನು ಹೆಚ್ಚು ಕಾಡಿದ್ದು. ತುಪ್ಪಳ ಒಂದು ಸರಕಾದ ಕೂಡಲೇ ಅದು ನಾಳೆಯೂ ಸಿಗಬೇಕು ಎನ್ನುವ ಜನ ಹುಟ್ಟಿಕೊಳ್ಳುತ್ತಾರೆ.

ಕೆಟ್ಟವರು ಇರಬೇಕಾಗಿಲ್ಲ, ಲೆಕ್ಕಾಚಾರ ಸಾಕು. ಕಾಡಿನಲ್ಲಿ ಪಾಸಮ್ ದಟ್ಟವಾಗಿದ್ದಾಗ ಬೇಟೆಗಾರನಿಗೆ ದಿನದ ದುಡಿಮೆ ಗಿಟ್ಟುತ್ತದೆ. ಹಿಡಿಯುತ್ತಾ ಹೋದಂತೆ ಒಂದು ಪ್ರಾಣಿಗಾಗಿ ನಡೆಯುವ ದೂರ ಹೆಚ್ಚುತ್ತದೆ, ಒಂದು ಹಂತದಲ್ಲಿ ಗಿಟ್ಟದಾಗುತ್ತದೆ. ಅವನು ಬೇರೆ ಕಣಿವೆಗೆ ಹೋಗುತ್ತಾನೆ. ಅವನು ಬಿಟ್ಟುಹೋದ ಕಣಿವೆಯಲ್ಲಿ ಉಳಿದ ಪಾಸಮ್ಮುಗಳು ಮರಿಹಾಕುತ್ತವೆ. ಆದರೆ ರಾಟಾ ಮರ ಚಿಗುರಬೇಕಾದರೆ, ಕೊಕಾಕೊ ಮರಿ ಹಾರಬೇಕಾದರೆ, ಪಾಸಮ್ ಸಂಖ್ಯೆ ಬೇಟೆಗಾರನಿಗೆ ಗಿಟ್ಟುವ ಮಟ್ಟಕ್ಕಿಂತ ಬಹಳ ಕೆಳಗಿಳಿಯಬೇಕು. ಕೊನೆಯ ಕೆಲವನ್ನು ಹಿಡಿಯುವುದೇ ಎಲ್ಲಕ್ಕಿಂತ ದುಬಾರಿ ಕೆಲಸ, ಆ ಕೆಲಸಕ್ಕೆ ತುಪ್ಪಳದ ಬೆಲೆ ಎಂದೂ ಸಾಲದು. ರಸ್ತೆಯಿಲ್ಲದ ಕಡಿದಾದ ಕಾಡುಗಳಿಗಂತೂ ತುಪ್ಪಳದ ಬೇಟೆಗಾರ ಹೋಗುವುದೇ ಇಲ್ಲ. ಅಲ್ಲಿ ಇಲಿ ಮತ್ತು ಸ್ಟೋಟ್ ಕೂಡ ಮೊಟ್ಟೆ ತಿನ್ನುತ್ತಿರುತ್ತವೆ, ಪಾಸಮ್ಮಿನ ಬೋನು ಅವನ್ನು ಮುಟ್ಟುವುದಿಲ್ಲ. 1951ರಲ್ಲಿ ನ್ಯೂಜಿಲೆಂಡ್ ಸರ್ಕಾರ ಪಾಸಮ್ಮಿಗೆ ತಲೆಬೆಲೆ ಕಟ್ಟಿ ಸುಮಾರು ಹತ್ತು ವರ್ಷ ಹಣ ಕೊಟ್ಟಿತು. ಕೈಗೆಟುಕುವ ಕಾಡಂಚಿನಲ್ಲಿ ರಾಶಿ ರಾಶಿ ಕೊಂದರು, ಒಳಗಾಡಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ, ಕೊನೆಗೆ ಯೋಜನೆ ಕೈಬಿಟ್ಟರು. ದೇಶದ ಸಂಸತ್ತಿನ ಪರಿಸರ ಆಯುಕ್ತೆಯಾಗಿದ್ದ ಜಾನ್ ರೈಟ್ 2011ರಲ್ಲಿ ಕೊಟ್ಟ ವರದಿಯಲ್ಲಿ 1080 ಬಳಕೆ ನಿಲ್ಲಿಸುವುದಿರಲಿ, ಇನ್ನೂ ಹೆಚ್ಚಿಸಬೇಕು ಎಂದರು. ಓದಲು ಹಿತವಾದ ಮಾತಲ್ಲ. ಆದರೆ ಒಳಗಾಡನ್ನು ಕೈಗವಸು ಕಾಯಲಾರದು ಎಂಬುದು ಅದರಿಂದ ಖಚಿತವಾಗುತ್ತದೆ.

ದುಡಿಮೆಯ ಈ ಲೆಕ್ಕವನ್ನು ತಿರುಗಿಸಿಟ್ಟ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಇಂಗ್ಲೆಂಡಿಗೂ ನ್ಯೂಟ್ರಿಯಾ ಬಂದಿತ್ತು, ಅಲ್ಲಿ ಅದನ್ನು ಕೊಯ್ಪು ಎನ್ನುತ್ತಾರೆ. 1929ರಲ್ಲಿ ತುಪ್ಪಳಕ್ಕಾಗಿ ಸಾಕಲು ತಂದದ್ದು, ತಪ್ಪಿಸಿಕೊಂಡು ಪೂರ್ವ ಆಂಗ್ಲಿಯಾದ ಕಾಲುವೆ, ಜೌಗುಗಳನ್ನೆಲ್ಲ ತುಂಬಿತು. 1981ರಲ್ಲಿ ಹತ್ತು ವರ್ಷದ ಗಡುವಿಟ್ಟು 24 ಬೋನುಗಾರರನ್ನು ಸಂಬಳಕ್ಕೆ ನೇಮಿಸಿದರು. ಯೋಜನೆ ರೂಪಿಸಿದವರಿಗೆ ಒಂದು ಸತ್ಯ ಗೊತ್ತಿತ್ತು: ಕೊನೆಯ ಕೊಯ್ಪು ಸತ್ತ ದಿನ ಈ 24 ಜನರ ಕೆಲಸವೂ ಹೋಗುತ್ತದೆ. ಬೇಕೆಂದೇ ನಾಲ್ಕನ್ನು ಉಳಿಸಿಕೊಳ್ಳುವ ಆಸೆ ಯಾರಿಗಾದರೂ ಬಂದೀತು. ಅದಕ್ಕೇ ಪೂರ್ತಿ ಮುಗಿಸಿದರೆ ವಾರ್ಷಿಕ ಗಳಿಕೆಯ ಮೂರು ಪಟ್ಟಿನವರೆಗೂ ಬೋನಸ್ ಎಂದರು, ತಡವಾದಷ್ಟೂ ಬೋನಸ್ ಕಡಿಮೆಯಾಗುವಂತೆ ಇಟ್ಟರು. 1989ರ ಹೊತ್ತಿಗೆ ಕೊಯ್ಪು ಮುಗಿಯಿತು, ಗಡುವಿಗೂ ಮೊದಲೇ. ಅಲ್ಲಿ ಹಣ ಬಂದದ್ದು ಪ್ರಾಣಿ ಸಿಕ್ಕಿದ್ದಕ್ಕಲ್ಲ, ಸಿಗದೇಹೋದದ್ದಕ್ಕೆ. ತುಪ್ಪಳದ ಅಂಗಡಿಗೆ ಇಂಥ ಬೋನಸ್ ಯಾರೂ ಕೊಡುವುದಿಲ್ಲ. ಪಾಸಮ್ ಮುಗಿದರೆ ಅಂಗಡಿಗೆ ನಷ್ಟ, ಅಷ್ಟೇ.

ನಷ್ಟವಾದಾಗ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಮೊಲದ ಕಡೆ ನೋಡಬಹುದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಬಿಟ್ಟ ಕೆಲವು ಮೊಲಗಳು ಖಂಡವನ್ನೇ ಆವರಿಸಿದವು. ಆ ಕಾಡುಮೊಲದ ತುಪ್ಪಳದಿಂದ ಅಲ್ಲಿನ ಹೆಸರಾಂತ ಅಕುಬ್ರಾ ಟೋಪಿಗಳು ತಯಾರಾಗುತ್ತಿದ್ದವು. ಪಿಡುಗಿನಿಂದ ಟೋಪಿ, ಇದಕ್ಕಿಂತ ಒಳ್ಳೆಯ ಬಳಕೆ ಯಾವುದು ಎನ್ನಿಸುವಂತಿತ್ತು. 1950ರಲ್ಲಿ ಮಿಕ್ಸೊಮ್ಯಾಟೋಸಿಸ್ ರೋಗವನ್ನು, 1990ರ ದಶಕದಲ್ಲಿ ಇನ್ನೊಂದು ವೈರಸ್ಸನ್ನು ಹರಡಿ ಮೊಲಗಳ ಸಂಖ್ಯೆ ಇಳಿಸಿದರು. ಟೋಪಿ ನಿಲ್ಲಲಿಲ್ಲ, ಮೊಲದ ತುಪ್ಪಳ ಹೊರದೇಶದಿಂದ ಬರತೊಡಗಿತು. ಟೋಪಿ ಮಾಡುವವರನ್ನು ನಾನು ದೂರುತ್ತಿಲ್ಲ, ಅವರ ಕೆಲಸ ಟೋಪಿ ಮಾಡುವುದು. ಆದರೆ ಪಿಡುಗಿನ ಹೆಸರಿನಲ್ಲಿ ಬೆಳೆಸಿಕೊಂಡ ರುಚಿ ಪಿಡುಗು ಇಳಿದ ಮೇಲೆ ಇಳಿಯುವುದಿಲ್ಲ, ಅದು ಬೇರೆ ಮೂಲ ಹುಡುಕಿಕೊಳ್ಳುತ್ತದೆ.

ಹಾಗಾಗಿ ನಾನು ಬಂದು ನಿಂತಿರುವ ಜಾಗ ಇದು. ಪಿಡುಗು ಪ್ರಾಣಿಯ ತುಪ್ಪಳ ತೊಡುವುದು ತಪ್ಪಲ್ಲ, ಆ ತುಪ್ಪಳ ಮುಂದೊಂದು ದಿನ ಸಿಗಬಾರದು ಎಂದು ತೊಡುವವರು ನಿಜವಾಗಿ ಬಯಸುವುದಾದರೆ. ಬಯಕೆ ಮನಸ್ಸಿನಲ್ಲಿದ್ದರೆ ಸಾಲದು, ಕೊಳ್ಳುವ ರೀತಿಯಲ್ಲಿ ಕಾಣಬೇಕು. ಕಾಡನ್ನು ಪೂರ್ತಿ ಮುಕ್ತಗೊಳಿಸುವ ಯೋಜನೆಯಲ್ಲಿ ಕೊಂದ ಪ್ರಾಣಿಯ ತುಪ್ಪಳವಾದರೆ, ನಾನು ಕೊಳ್ಳದಿದ್ದರೂ ಆ ಪ್ರಾಣಿ ಸಾಯುತ್ತಿತ್ತು, ಕೊಂಡರೆ ಆ ಕೆಲಸದ ಖರ್ಚಿಗೆ ಸ್ವಲ್ಪ ನೆರವಾಗುತ್ತದೆ. ತುಪ್ಪಳಕ್ಕಾಗಿಯೇ ವರ್ಷ ವರ್ಷ ಅದೇ ಕಣಿವೆಯಲ್ಲಿ ಕುಯಿಲಿನಂತೆ ನಡೆಯುವ ಬೇಟೆಯಾದರೆ, ನನ್ನ ಹಣ ಪಾಸಮ್ ಉಳಿಯುವುದಕ್ಕೆ ಸಂದಾಯವಾಗುತ್ತದೆ. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ಬಣ್ಣದಲ್ಲಿ ಸಿಗುತ್ತವೆ. ಕೇಳಿಯೇ ತಿಳಿಯಬೇಕು: ಎಲ್ಲಿಯ ಪ್ರಾಣಿ, ಯಾವ ಬೋನು ಅಥವಾ ಯಾವ ವಿಷ, ಆ ಕಾಡಿನಲ್ಲಿ ಸಂಖ್ಯೆ ಇಳಿದಿದೆಯೇ. ಉತ್ತರ ಕೊಡಬಲ್ಲ ಸಣ್ಣ ತಯಾರಕರು ಇದ್ದಾರೆ, ಬೇಟೆಗಾರರ ಹೆಸರು ಹಿಡಿದು ಮಾತಾಡುತ್ತಾರೆ. ಉತ್ತರದ ಬದಲು ಹಸಿರು ಎಲೆಯ ಚಿತ್ರವಿರುವ ಚೀಟಿ ತೋರಿಸುವವರೂ ಇದ್ದಾರೆ, ಅವರಲ್ಲಿ ನಾನು ಕೊಳ್ಳುವುದಿಲ್ಲ.

ಪ್ರಾಣಿಯ ಯಾವ ವಸ್ತುವನ್ನೂ ಮುಟ್ಟದ ಸ್ನೇಹಿತರು ಇದನ್ನು ಓದಿದರೆ ಒಪ್ಪಲಾರರು. ಕೊಲ್ಲುವುದು ಅನಿವಾರ್ಯವಾದರೆ ಹೂತುಬಿಡಿ, ತೊಟ್ಟು ಮೆರೆಯುವುದೇಕೆ ಎನ್ನುತ್ತಾರೆ. ಆ ಮಾತಿನ ಹಿಂದಿರುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಚಳಿಗೆ ಏನಾದರೂ ತೊಡಲೇಬೇಕಾದ ನಾಡುಗಳಲ್ಲಿ ಪಾಸಮ್ ಬೇಡವೆಂದವರು ಕೊಳ್ಳುವುದು ಹೆಚ್ಚಾಗಿ ಅಕ್ರಿಲಿಕ್, ಪಾಲಿಯೆಸ್ಟರ್. ಅವು ಪೆಟ್ರೋಲಿಯಮ್ಮಿನ ಮಕ್ಕಳು, ಪ್ರತಿ ಒಗೆತದಲ್ಲೂ ಸೂಕ್ಷ್ಮ ಎಳೆಗಳನ್ನು ನೀರಿಗೆ ಬಿಡುತ್ತವೆ, ನೀರಿನ ಜೀವಗಳ ಹೊಟ್ಟೆ ಸೇರುತ್ತವೆ. ಯಾವುದನ್ನು ತೊಟ್ಟರೂ ಎಲ್ಲೋ ಒಂದು ಜೀವಕ್ಕೆ ತಗಲುತ್ತದೆ. ಯಾವ ಜೀವಕ್ಕೆ, ಎಷ್ಟು ಎಂಬುದನ್ನು ನೋಡುವ ತೊಂದರೆ ತೆಗೆದುಕೊಳ್ಳಬೇಕು ಎಂಬುದಷ್ಟೇ ನನ್ನ ಆಗ್ರಹ.

ಮೆರೆಯುವ ವಿಷಯದಲ್ಲಿ ಮಾತ್ರ ಅವರೊಡನೆ ನಾನು ಅರ್ಧದಾರಿ ಹೋಗುತ್ತೇನೆ. ನೂಲಿನಲ್ಲಿ ಬೆರೆತ ಪಾಸಮ್ ರೋಮ ನೋಡುವವರಿಗೆ ಉಣ್ಣೆಯಂತೆಯೇ ಕಾಣುತ್ತದೆ. ಕೋಟಿನ ಕೊರಳಿಗೆ ಸುತ್ತಿದ ಇಡೀ ತುಪ್ಪಳದ ಪಟ್ಟಿ ಹಾಗಲ್ಲ, ಅದು ಕಣ್ಣಿಗೆ ಬೀಳಲೆಂದೇ ಇರುವುದು. ಅದನ್ನು ಕಂಡು ಆಸೆಪಟ್ಟವರಿಗೆ ಇದು ನ್ಯೂಟ್ರಿಯಾದೋ ಪಂಜರದಲ್ಲಿ ಸಾಕಿದ ಪ್ರಾಣಿಯದೋ ತಿಳಿಯುವುದಿಲ್ಲ. ಅವರು ತಮಗೆ ಸುಲಭವಾಗಿ ಸಿಕ್ಕಿದ್ದನ್ನು ಕೊಳ್ಳುತ್ತಾರೆ, ಸುಲಭವಾಗಿ ಸಿಗುವುದು ಸಾಕಿದ್ದು. ಕೃತಕ ತುಪ್ಪಳ ಎಂಬ ಚೀಟಿ ಅಂಟಿಸಿದ ಬಟ್ಟೆಗಳಲ್ಲಿ ನಿಜವಾದ ರಕೂನ್ ನಾಯಿಯ ತುಪ್ಪಳ ಸಿಕ್ಕ ಉದಾಹರಣೆಗಳಿವೆ, ಅಷ್ಟು ಕಲಬೆರಕೆಯ ಮಾರುಕಟ್ಟೆ ಅದು. ಹಾಗಾಗಿ ಕೈಗವಸು, ಕಾಲುಚೀಲ, ಸ್ವೆಟರ್ ನನಗೆ ಸರಿ. ಕೊರಳಪಟ್ಟಿ, ಇಡೀ ತುಪ್ಪಳದ ಕೋಟು ಬೇಡ, ನ್ಯೂಟ್ರಿಯಾದ್ದಾದರೂ ಸರಿಯೇ. ನ್ಯೂ ಆರ್ಲಿಯನ್ಸಿನ ಆ ಕಲಾವಿದರ ಮೇಲೆ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ. ಅವರ ಊರಿನಲ್ಲಿ, ಜೌಗು ಕರಗುವುದನ್ನು ಕಣ್ಣಾರೆ ಕಂಡವರ ನಡುವೆ ಆ ತುಪ್ಪಳದ ಅರ್ಥವೇ ಬೇರೆ, ಅಲ್ಲಿ ಯಾರೂ ಅದನ್ನು ಮಿಂಕ್ ಎಂದು ತಪ್ಪು ತಿಳಿಯುವುದಿಲ್ಲ.

ಮಿಂಕ್ ವಿಷಯವಂತೂ ನನಗೆ ಸ್ಪಷ್ಟವಾಗಿದೆ. ತುಪ್ಪಳದ ಫಾರ್ಮುಗಳಿಂದ ತಪ್ಪಿಸಿಕೊಂಡ ಅಮೆರಿಕನ್ ಮಿಂಕ್ ಬ್ರಿಟನ್ನಿನ ಹೊಳೆದಂಡೆಗಳಲ್ಲಿ ಅಲ್ಲಿನ ನೀರಿಲಿಯನ್ನು ಬಹುಪಾಲು ಮುಗಿಸಿದೆ. ಐಸ್‌ಲ್ಯಾಂಡಿನಲ್ಲೂ ಅದನ್ನು ಕೊಂದವರಿಗೆ ಹಣ ಕೊಡುತ್ತಾರೆ. ಕೊಲ್ಲುವ ಕಾರಣ ಪಾಸಮ್ಮಿನಷ್ಟೇ ಗಟ್ಟಿಯಾಗಿದೆ. ಆದರೂ ಕಾಡುಮಿಂಕಿನ ಚರ್ಮ ಒಂದನ್ನು ಪಂಜರದ ಚರ್ಮಗಳ ರಾಶಿಯಲ್ಲಿ ಇಟ್ಟರೆ ಕೊಳ್ಳುವವರು ಬೇರ್ಪಡಿಸಿ ತೋರಿಸಲಾರರು. ಆ ಪಂಜರಗಳು ಪೂರ್ತಿ ಮುಚ್ಚುವವರೆಗೂ ಕಾಡುಮಿಂಕಿನ ತುಪ್ಪಳವನ್ನು ಯಾರೂ ಕೊಳ್ಳಬಾರದು, ಹೊಳೆದಂಡೆಯಲ್ಲೇ ಹೂತರೂ ಅಡ್ಡಿಯಿಲ್ಲ.